ಟಪಾಲಿನ ನಡಿಗೆ ಲೆಕ್ಕಕ್ಕಿಲ್ಲ

ಅಕ್ಟೋಬರ್ 9, ಗುರುವಾರ

ಕಾಲೇಜಿನ ಆನ್‌ಲೈನ್ ಫಿಟ್‌ನೆಸ್ ಕೋರ್ಸಿನಲ್ಲಿ ಈ ವಾರವೂ ಸೊನ್ನೆ. ಟೊಲೀಡೊ ಬೀದಿಗಳಲ್ಲಿ ದಿನಕ್ಕೆ ಹನ್ನೊಂದು ಮೈಲಿ ನಡೆದು ಟಪಾಲು ಹಂಚುವವಳಿಗೆ ಸೊನ್ನೆ. ಇದು ಪಾಸಾಗದೆ ಡಿಗ್ರಿ ಇಲ್ಲವಂತೆ. ಮೇಷ್ಟ್ರು ಕೆಸ್ಲರ್‌ಗೆ ಫೋನು ಮಾಡಿದೆ.

"ಕೆಲಸದ ನಡಿಗೆ ಲೆಕ್ಕಕ್ಕಿಲ್ಲ ಮೇಡಂ. ವ್ಯಾಯಾಮ ಅಂತಲೇ ಅರ್ಧ ಗಂಟೆ ನಡೀಬೇಕು."

"ಅದು ನನ್ನ ಕಾಲಿಗೆ ಹೇಗಪ್ಪ ಗೊತ್ತಾಗ್ಬೇಕು?"

ನಕ್ಕುಬಿಟ್ಟ.

ಸಂಜೆ ಊದಿದ ಪಾದಕ್ಕೆ ಮತ್ತೆ ಶೂ ತುರುಕಿಕೊಂಡು, ಫೋನಿನಲ್ಲಿ ಹೆಜ್ಜೆ ಎಣಿಸುತ್ತ, ನಾನು ದಿನಾ ಟಪಾಲು ಹಾಕುವ ಬೀದಿಯಲ್ಲೇ ನಡೆದೆ. ಮುದುಕಿ ಪ್ರೂಯಿಟ್ ಕಿಟಕಿಯಿಂದ ನೋಡಿ, ಕೋಲೂರಿಕೊಂಡು ಬಾಗಿಲಿಗೆ ಬಂದರು. ಟಪಾಲಿನಲ್ಲಿ ಬರಬೇಕಾದ ಅವರ ಔಷಧಿ ನಾಲ್ಕು ದಿನದಿಂದ ಬಂದಿಲ್ಲ.

"ಸಿಕ್ತೇನಮ್ಮ ವಿಲ್ಮಾ? ಅದಕ್ಕೇ ವಾಪಸ್ ಬಂದ್ಯಾ?"

"ಇಲ್ಲಮ್ಮ. ಸುಮ್ನೆ ನಡೀತಿದೀನಿ."

ಮನೆಗೆ ಬಂದು ಫೋನಿನ ಹೆಜ್ಜೆ ಲೆಕ್ಕ ಕೋರ್ಸಿಗೆ ಕಳಿಸಿದೆ. ಬರಿಗೈಯಲ್ಲಿ ನಡೆದದ್ದಕ್ಕೆ ಈಗ ಹತ್ತಕ್ಕೆ ಹತ್ತು ಅಂಕ ಬಂದಿದೆ.