ಮೇಲಿನ ಬೀದಿಯ ನೀರು

ಕೆ.ಎಂ. ದೊಡ್ಡಿ ಪಕ್ಕದ ನಮ್ಮೂರು,
ಗುರುವಾರ, ೧೩-೨-೨೦೨೫

ನನ್ನ ಮುದ್ದು ಮಗಳು ಶೋಭಿತಾಗೆ,

ಅವ್ವನ ಕೈಬರಹ ನೋಡಿ ಗಾಬರಿ ಬೀಳಬೇಡ, ನೀನು ಬಂದೋದ ಮೇಲೆ ಯಾರಿಗೂ ಏನೂ ಆಗಿಲ್ಲ. ನೀನು ಹೆಂಗಿದ್ದೀಯ? ಆ ಕೆಮ್ಮು ಬುಡ್ತಾ? ಹಾಸ್ಟೆಲಲ್ಲಿ ಹೊತ್ತಿಗೆ ಸರಿಯಾಗಿ ಉಣ್ತೀಯಾ, ಇಲ್ಲಾ ಟೀ ಬಿಸ್ಕತ್ತಲ್ಲೇ ದಿನ ದೂಡ್ತೀಯಾ? ಚಿಕ್ಕಪ್ಪನ ಮಣ್ಣಿಗೆ ಬಂದಾಗ ಕೊರಳ ಮೂಳೆ ಎದ್ದು ಕಾಣ್ತಿತ್ತು. ಆ ಗೋಳಲ್ಲಿ ಬಯ್ಯಕ್ಕಾಗ್ಲಿಲ್ಲ, ಈಗ ಬಯ್ತಾ ಇದ್ದೀನಿ ಅನ್ಕೋ. ಫೋನು ಬುಟ್ಟು ಕಾಗದ ಯಾಕೆ ಅಂತೀಯ. ಸ್ಕೂಲ್ ಮೈದಾನದ ಟಾರ್ಪಾಲು ಕೆಳಗೆ ನಿಮ್ಮಜ್ಜಿ ನನ್ನ ಮಗ್ಗುಲಲ್ಲೇ ಕೂತಿರ್ತದೆ, ಫೋನು ಎತ್ತಿದ್ರೆ ಕಿವಿ ತಂದು ಇಕ್ತದೆ. ಅದರ ಮುಂದೆ ಆಡೋ ಮಾತಲ್ಲ ಇದು. ಅದಕ್ಕೇ ನಿನ್ನ ನೀರಿನ ಬಾಟ್ಲಿ ಜೊತೆಗೆ ಇದನ್ನೂ ಬಸ್ಸಿಗೆ ಹಾಕ್ತಾ ಇದ್ದೀನಿ.

ಇಲ್ಲಿ ಯಾರಿಗೂ ನಿದ್ದೆ ಇಲ್ಲ. ಸಂಕ್ರಾಂತಿ ಆದ ವಾರ ಭೂಮಿ ಅದುರಿ, ಹಿಂದಲ ರೂಮಿನ ಮಣ್ಣು ಗೋಡೆ ನಿಮ್ಮ ಚಿಕ್ಕಪ್ಪ ಕೆಂಪರಾಜು ಮೇಲೆ ಬಿತ್ತಲ್ಲ, ಅವತ್ತಿಂದ ಕಬ್ಬಿನ ಲಾರಿ ರಸ್ತೇಲಿ ಗುಡುಗಿದ್ರೂ ಮಕ್ಕಳು ಚೀರ್ತವೆ. ನಿಮ್ಮಪ್ಪ ಹೊತ್ತು ಹುಟ್ಟಿದ್ರೆ ಬಿದ್ದ ಗೋಡೆ ತಾವ ಹೋಗಿ ಕೂತ್ಕೋತಾರೆ. ಅಜ್ಜಿ ಊಟಕ್ಕೆ ಕೂತಾಗ ಪಕ್ಕಕ್ಕೊಂದು ಮುದ್ದೆ ತೆಗೆದಿಟ್ಟು ಕೆಂಪ ಬರ್ಲಿ ಅಂತದೆ, ಆಮೇಲೆ ಜ್ಞಾಪಕ ಬಂದು ಕೈ ತೊಳ್ಕೊಂಡು ಎದ್ದೋಗ್ತದೆ. ಮೊನ್ನೆ ಪಂಚಾಯ್ತಿಯವರು ಬಂದು ನೀನು ಕಾಲೇಜಿಂದ ಕಳ್ಸಿದ ನೀರಿನ ವರದಿ ಓದಿದ್ರು. ನಮ್ಮ ಬೀದಿ ಬಾವಿ ನೀರು ಮೊದಲಿಂದ ಕೊನೇವರ್ಗೂ ಒಂದೇ ಸಮ ಐತಂತೆ, ಏನೂ ಏರುಪೇರಿಲ್ವಂತೆ, ಭಾನುವಾರ ಎಲ್ಲಾ ಅವರವರ ಮನೆ ಸೇರ್ಕೊಳ್ಳಿ ಅಂದ್ರು. ನೀರು ಸೂಚನೆ ಕೊಟ್ರೂ ಕೊಡಬಹುದು, ಕೊಡದೇನೂ ಇರಬಹುದು, ಅದೊಂದನ್ನೇ ನಂಬಬೇಡಿ ಅಂತ ನೀನು ಕೆಳಗೆ ಬರೆದಿದ್ದೀಯಂತೆ. ಅದನ್ನ ಯಾರು ಕೇಳಿಸ್ಕೊಂಡ್ರು? ಚಳೀಲಿ ಬಿದ್ದು ಬಿದ್ದು ಜನಕ್ಕೆ ಸಾಕಾಗದೆ.

ದೀಪಾವಳಿಗೆ ಬಂದಾಗ ನೀನು ಅಜ್ಜಿ ಕೈಗೆ ಬಾಟ್ಲಿ ಕೊಟ್ಟು ಹೇಳಿದ್ದು ನೆನಪೈತಾ? ನೆಲದೊಳಗೆ ಬಂಡೆ ಬಿರಿದ್ರೆ ನೀರಿನ ಉಪ್ಪು, ವಾಸನೆ, ಬಣ್ಣ ಬದಲಾಗಬಹುದು, ಅದಕ್ಕೇ ವಾರಕ್ಕೊಂದು ಬಾಟ್ಲಿ ನಮ್ಮ ಬಾವೀದು ಕತ್ತು ಮಟ್ಟ ತುಂಬಿಸಿ ಕಳ್ಸು ಅಂದಿದ್ದೆ. ಅಜ್ಜಿ ಎಷ್ಟು ಹಿಗ್ಗಿತ್ತು! ಹೋದೋರು ಬಂದೋರಿಗೆಲ್ಲ ಹೇಳ್ಕೊಂಡು ತಿರುಗ್ತು. ಸಂಕ್ರಾಂತಿಗೆ ಮುಂಚೆ ನಮ್ಮ ಬಾವಿ ನೀರು ಅಕ್ಕಿ ತೊಳೆದ ನೀರಿನಂಗೆ ಬೆಳ್ಳಗಾಗಿ, ಕೊಳೆತ ಮೊಟ್ಟೆ ವಾಸನೆ ಹೊಡೀತು. ದನ ಮೂಸಿ ಹಿಂದಕ್ಕೆ ಸರಿದವು. ನಾನೂ ನೋಡ್ದೆ. ಬಾಟ್ಲಿ ಹೋಗ್ತಾ ಐತಲ್ಲ, ನನ್ನ ಮಗಳು ನೋಡ್ಕೋತಾಳೆ ಬುಡು ಅನ್ಕೊಂಡೆ. ನೀನು ಏನೂ ಅನ್ಲಿಲ್ಲ, ನಾವು ಧೈರ್ಯವಾಗಿ ಮಲಗಿದ್ವಿ. ಆಮೇಲೆ ಭೂಮಿ ಅದುರ್ತು. ನಾಕು ದಿನಕ್ಕೆ ನೀರು ತಾನೇ ತಿಳಿಯಾಯ್ತು, ಮಣ್ಣಿಗೆ ಬಂದ ನೀನು ಆ ಗೋಳಲ್ಲಿ ಬಾವಿ ಕಡೆ ಹೋಗ್ಲೇ ಇಲ್ಲ.

ನಿನ್ನೆ ಸೊಪ್ಪು ಕಿತ್ಕೊಂಡು ಕೆರೆ ಏರಿ ಮೇಲೆ ಬತ್ತಾ ಇದ್ದೆ. ನಿಮ್ಮಜ್ಜಿ ಮೇಲಿನ ಬೀದಿ ಸಿಹಿನೀರು ಬಾವಿ ಕಡೆಯಿಂದ, ನಿನ್ನ ಬಾಟ್ಲಿನ ಸೆರಗಲ್ಲಿ ಮುಚ್ಕೊಂಡು ಬತ್ತಾ ಐತೆ. ಇದೇನತ್ತೆ ಅಂದೆ. ಅಯ್ಯೋ ನನ್ನ ಕರ್ಮವೇ, ಮೊದಲನೇ ಬಾಟ್ಲಿಯಿಂದ್ಲೂ ಅಲ್ಲೀದೇ ಅಂತೆ! "ನಮ್ ಬಾವಿ ನೀರು ಸವುಳು ಕಣಮ್ಮಿ, ಆಮ್ಯಾಕ್ ನಾತ ಬ್ಯಾರೆ ಒಡೀತು. ನಮ್ ನೀರ ಯಾರೂ ಮುಟ್ತಿರ್ನಿಲ್ಲ, ಈಗ ಕಾಲೇಜ್ನೋರು ಕೇಳವ್ರೆ. ಅಂತಾ ನೀರ ಕಳ್ಸಿ ನನ್ ಮೊಮ್ಮಗಳ ಮಾನ ಕಳೀಲಾ?" ಅಂತು. ತಾನು ಹೊಸದಾಗಿ ಸೊಸೆಯಾಗಿ ಬಂದಾಗ ಹಗ್ಗ ಮುಟ್ಟಿದ್ಕೆ ಮೇಲಿನ ಬೀದಿಯವರು ಕೊಡ ಒಡೆದು ಓಡಿಸಿದ್ರು ಅಂತ ಅಜ್ಜಿ ನಿನಗೆ ಹೇಳ್ತಿತ್ತಲ್ಲ, ಅದೇ ಬಾವಿ. ಈಗ ಯಾರೂ ಬೇಡ ಅನ್ನಲ್ಲ. ಆದ್ರೂ ಆ ಮುದುಕಿ ಮನಸಲ್ಲಿ ಒಳ್ಳೇ ನೀರು ಅಂದ್ರೆ ಇನ್ನೂ ಮೇಲಿನ ಬೀದೀದೇ.

ಆ ಬಿಳೀ ನೀರು ನಿನ್ನ ಕೈ ಸೇರಿದ್ರೆ ಹಿಂದಲ ರೂಮಲ್ಲಿ ಮಲಗಬೇಡಿ ಅಂತಿದ್ಯೋ ಏನೋ. ಕೆಂಪರಾಜು ಉಳೀತಿದ್ನೋ ಏನೋ. ಯಾರಿಗ್ಗೊತ್ತು? ಆದ್ರೆ ಈ ಮಾತು ಕಿವಿಗೆ ಬಿದ್ರೆ ಆ ಜೀವ ತಡ್ಕೊಳಲ್ಲ. ಹೆತ್ತ ಮಗ ಕಣೆ. ಶೋಭಿ, ವರದಿ ತಿದ್ದು, ಆದ್ರೆ ಯಾಕೆ ಅಂತ ಊರಿಗೆ ಹೇಳಬೇಡ. ಮಿಷನ್ನು ಕೆಟ್ಟಿತ್ತು ಅನ್ನು, ಬಾಟ್ಲಿ ಅದಲುಬದಲಾಯ್ತು ಅನ್ನು, ತಪ್ಪು ನಿನ್ನ ತಲೆ ಮೇಲೇ ಹಾಕ್ಕೋ. ಓದಿಸಿದ ಮಗಳಿಗೆ ಸುಳ್ಳು ಹೇಳು ಅಂತ ಕೇಳ್ತಾ ಇದ್ದೀನಿ, ನನಗೂ ನಾಚಿಕೆ ಆಯ್ತದೆ. ಬೇರೆ ದಾರಿ ಕಾಣ್ಲಿಲ್ಲ.

ರಾತ್ರಿ ಬಿಸಿನೀರು ಕುಡಿ, ಕಿವಿಗೆ ಬಟ್ಟೆ ಕಟ್ಕೋ. ನಿನ್ನ ಮೇಷ್ಟ್ರಿಗೆ ನಮಸ್ಕಾರ ಹೇಳು. ನೂರು ವರ್ಷ ಬಾಳು ಮಗಳೇ, ಗಟ್ಟಿ ಗೋಡೆ ಇರೋ ಮನೇಲಿ ಬಾಳು. ಜೈಭೀಮ್.

ನಿಮ್ಮವ್ವ,
ಶಶಿರೇಖಾ

ತಾ.ಕ.: ಬಸ್ಸು ಹಾರನ್ ಹೊಡೀತಾ ಐತೆ, ನಿನ್ನ ಫೋನು ಸ್ವಿಚ್ ಆಫ್ ಬತ್ತಾ ಐತೆ. ಬಾಟ್ಲಿ ತುಂಬಕ್ಕೆ ನಮ್ಮ ಬಾವಿಗೆ ಹೋದ್ರೆ ಅಜ್ಜಿ ಆಗ್ಲೇ ಕಟ್ಟೆ ಮೇಲೆ ಕೂತಿತ್ತು. ನೀರು ಮತ್ತೆ ಬೆಳ್ಳಗಾಗದೆ, ಅದೇ ನಾತ. ಬಾಟ್ಲಿ ಇಸ್ಕೊಂಡು ತಾನೇ ಸೇದಿ ಕತ್ತು ಮಟ್ಟ ತುಂಬಿಸ್ತು. "ಆಗ್ಲೂ ಇಂಗೇ ಇತ್ತಲ್ವಾ ಶಶಿ" ಅಂತು. "ನನ್ ಕೆಂಪ ಓಗ್ಬುಟ್ಟ. ನಾನೇ ಮಾಡಿದ್ದು ಅಂತ ಪಟ್ಟಲಮ್ಮ ಅನ್ನೋ ನನ್ ಎಸ್ರು ಆಕಿ ಬರಿ, ಇಲ್ದಿದ್ರೆ ಬಾನ್ವಾರ ಜನ ಮನೆ ಒಳೀಕ್ ಓಯ್ತರೆ" ಅಂತು. ಬರೆದಿದ್ದೀನಿ. ಮೇಲೆ ಸುಳ್ಳು ಹೇಳು ಅಂದಿದ್ದನ್ನ ಹೊಡೆದು ಹಾಕು. ಈ ಬಾಟ್ಲಿ ನಮ್ಮ ಬಾವೀದೇ. ಭಾನುವಾರಕ್ಕೆ ಮುಂಚೆ ಬಾ.