ಮೂರು ಓಣಿ ಆಚೆಗಿದ್ದ ನಿರಾಳಮನೆ

ಬೆಟಗೇರಿ, ಗದಗ
ಫೆಬ್ರವರಿ 30, 2137

ನನ್ನ ಊರಿನ ಹಿಂದಿನ ಕಾಲದವರಿಗೆ, ದಾಕ್ಷಾಯಣಿ ಪತ್ತಾರಳ ನಮಸ್ಕಾರಗಳು.

ಈ ತಾರೀಖು ನಿಮ್ಮ ಕ್ಯಾಲೆಂಡರಿನಲ್ಲಿ ಇಲ್ಲವೆಂದು ನನಗೆ ಗೊತ್ತಿದೆ. ನಮ್ಮ ಅಜ್ಜಿಯ ಕಾಲದಲ್ಲಿ ತಿಂಗಳುಗಳನ್ನೆಲ್ಲ ಸಮ ಮಾಡಿ ಮೂವತ್ತು ಮೂವತ್ತು ದಿನ ಹಂಚಿದರು. ಮಿಕ್ಕ ಐದು ದಿನ ಯಾವ ತಿಂಗಳಿಗೂ ಸೇರದೆ ಯುಗಾದಿಯ ಆಸುಪಾಸಿನಲ್ಲಿ ರಜೆಯಾಗಿ ಬರುತ್ತವೆ. ಈ ಪತ್ರದ ಇನ್ನೂ ಕೆಲವು ಮಾತುಗಳು ನಿಮ್ಮ ಕಿವಿಗೆ ಒಗ್ಗಲಿಕ್ಕಿಲ್ಲ, ಕ್ಷಮಿಸಿ. ಮೂವತ್ತನಾಲ್ಕು ವರ್ಷ ಶಾಲೆಯಲ್ಲಿ ಗಣಿತ ಕಲಿಸಿದವಳು ನಾನು. ಬಿಡಿಸಿ ಹೇಳುವ ಚಟ ಇನ್ನೂ ಹೋಗಿಲ್ಲ. ನನಗೀಗ ಎಪ್ಪತ್ತೊಂದು. ನನ್ನ ತಮ್ಮ ಮೌನೇಶನಿಗೆ ಇಪ್ಪತ್ತೆರಡು ವರ್ಷಗಳ ಹಿಂದೆ ಆದದ್ದನ್ನು, ಅದರಲ್ಲಿ ನಾನು ಮಾಡಿದ ತಪ್ಪನ್ನು ನಿಮಗೆ ತಿಳಿಸಬೇಕೆಂದು ಬರೆಯುತ್ತಿದ್ದೇನೆ.

ಮೌನೇಶ ಕಂಬದವನು. ಕಪ್ಪತ್ತಗುಡ್ಡದ ಮೇಲೆ ನಿಮ್ಮ ಕಾಲದಲ್ಲೇ ನಿಂತಿದ್ದ ಗಾಳಿಯಂತ್ರಗಳು ಈಗ ಇನ್ನೂ ಎತ್ತರವಾಗಿವೆ. ಅವುಗಳನ್ನು ಹತ್ತಿ ರಿಪೇರಿ ಮಾಡುವವರನ್ನು ನಾವು ಕಂಬದವರು ಎನ್ನುತ್ತೇವೆ. ಆ ಕೆಲಸ ಮುಗಿಯುವುದು ಮುಂಜಾನೆ ಹತ್ತರೊಳಗೆ. ಏಕೆಂದರೆ ಹನ್ನೊಂದರಿಂದ ನಾಲ್ಕರವರೆಗೆ ನಮಗೆಲ್ಲ ಬಿಸಿಲುಬಿಡುವು. ಆ ಐದು ತಾಸು ಮಗ್ಗ ನಿಲ್ಲುತ್ತದೆ, ಶಾಲೆ ಮುಚ್ಚುತ್ತದೆ, ಗದಗಿಗೂ ಬೆಟಗೇರಿಗೂ ನಡುವೆ ಓಡಾಡುವ ಟ್ರಾಮು ಶೆಡ್ಡಿನೊಳಗೆ ನಿಲ್ಲುತ್ತದೆ. ಜನ ರೊಟ್ಟಿ ಉಂಡು ನೆಲಮನೆಗೆ ಇಳಿಯುತ್ತಾರೆ. ಪ್ರತಿ ಮನೆಯ ಕೆಳಗೂ ತೋಡಿದ ತಂಪಾದ ಕೋಣೆ ಅದು. ಹಾಸಿಗೆ, ನೀರಿನ ಗಡಿಗೆ, ಮಕ್ಕಳ ಪುಸ್ತಕ ಎಲ್ಲ ಅಲ್ಲೇ. ಬೀದಿಯಲ್ಲಿ ನಾಯಿಯೂ ಇರುವುದಿಲ್ಲ. ಆದರೆ ನೆಲಮನೆಗಳಿಗೆ ಬೆಳಕು ಬರಲೆಂದು ಬೀದಿಯ ಮಟ್ಟದಲ್ಲೇ ಕಿಂಡಿಗಳಿರುತ್ತವೆ. ಆ ಹೊತ್ತಿನಲ್ಲಿ ಯಾರಾದರೂ ನಡೆದುಹೋದರೆ ಅವರ ಕಾಲು ಎಲ್ಲರಿಗೂ ಕಾಣುತ್ತದೆ.

ಮೂವತ್ತೊಂಬತ್ತರ ವಯಸ್ಸಿನಲ್ಲಿ ಮೌನೇಶ ಕಂಬದೊಳಗಿನ ಏಣಿಯಿಂದ ಜಾರಿ ಬಿದ್ದ. ಬೆನ್ನುಮೂಳೆಗೆ ಪೆಟ್ಟಾಯಿತು. ಡಾಕ್ಟರು ಆರು ವಾರಕ್ಕೆಂದು ತಣಿಪಟ್ಟಿ ಬರೆದುಕೊಟ್ಟರು. ಉಗುರಿನಷ್ಟು ಅಗಲದ ಪಟ್ಟಿ, ಕಿವಿಯ ಹಿಂದೆ ಅಂಟಿಸಿಕೊಂಡರೆ ನೋವು ಇಳಿಯುತ್ತದೆ. ಆರು ವಾರವಾಯಿತು, ಆರು ತಿಂಗಳಾಯಿತು. ಬರೆದುಕೊಟ್ಟ ಪಟ್ಟಿ ಮುಗಿದ ಮೇಲೆ ಅವರಿವರಿಂದ ತರಿಸಿದ. ಪಟ್ಟಿ ಸಿಗದ ದಿನ ಸೆರೆ ಕುಡಿದ. ಕೊನೆಗೆ ಎರಡೂ ಕೂಡಿದವು. ಊಟಕ್ಕೆ ಕೂತವನು ಕೈಯಲ್ಲಿ ರೊಟ್ಟಿ ಹಿಡಿದೇ ನಿದ್ದೆ ಹೋಗುತ್ತಿದ್ದ. ಒಂದು ದಿನ ಅವನ ಹೆಂಡತಿ ಕಸ್ತೂರಿ, ಅವನ ತೊಡೆಯ ಮೇಲೆ ಒಂದರ ಪಕ್ಕ ಒಂದು ಅಂಟಿಸಿಕೊಂಡಿದ್ದ ಏಳು ಪಟ್ಟಿಗಳನ್ನು ಕಂಡಳು.

"ಅಕ್ಕಾರ, ನೀವ ಒಂದು ಮಾತು ಹೇಳ್ರಿ," ಎಂದು ನನ್ನ ಬಳಿ ಬಂದಳು. "ನನ್ನ ಮಾತು ಅವರ ಕಿವಿಗೇ ಹೋಗವಲ್ದು."

ನಾನು ಒಂದು ಮಾತಲ್ಲ, ನೂರು ಮಾತು ಹೇಳಿದೆ. ಅಪ್ಪನ ಹೆಸರು ಎತ್ತಿದೆ, ಕಣ್ಣೀರು ಹಾಕಿದೆ, ಆಣೆ ಹಾಕಿಸಿದೆ. ಆಮೇಲೆ ಅವನನ್ನು ನೆಲಮನೆಯಲ್ಲಿ ಕೂಡಿಹಾಕಿ ಹೊರಗಿನಿಂದ ಚಿಲಕ ಹಾಕಿದೆ. ನಾಲ್ಕು ದಿನ ಬಿಗಿ ಹಿಡಿದರೆ ಚಟ ತಾನೇ ಬಿಡುತ್ತದೆಂದು ನಂಬಿದ್ದೆ. ಮೂರನೆಯ ದಿನ ಅವನಿಗೆ ಸೆಳವು ಬಂತು. ಬಾಯಲ್ಲಿ ನೊರೆ, ಕೈಕಾಲು ನೆಲಕ್ಕೆ ಬಡಿಯುತ್ತಿದ್ದವು. ಕಸ್ತೂರಿ ಚಿಲಕ ತೆಗೆದು ಒಳಗೆ ನುಗ್ಗಿ ಅವನನ್ನು ಮಗ್ಗುಲಿಗೆ ಹೊರಳಿಸಿ ಹಿಡಿದುಕೊಂಡಳು. ಕುಡಿತ ಮೈಗೆ ಹತ್ತಿದವರಿಗೆ ಅದನ್ನು ಒಮ್ಮೆಲೇ ನಿಲ್ಲಿಸಿದರೆ ಪ್ರಾಣಕ್ಕೆ ಅಪಾಯವಾಗಬಹುದು, ಡಾಕ್ಟರ ಕಣ್ಣಳತೆಯಲ್ಲೇ ಬಿಡಿಸಬೇಕು ಎಂಬುದು ನನಗೆ ತಿಳಿದದ್ದು ಆಮೇಲೆ. ನೀವು ಯಾರನ್ನೂ ಹೀಗೆ ಕೂಡಿಹಾಕಬೇಡಿ.

ನಮ್ಮ ಕಾಲದಲ್ಲಿ ಪ್ರತಿ ವಾರ್ಡಿಗೂ ಒಂದು ನಿರಾಳಮನೆ ಇರಬೇಕೆಂದು ಕಾನೂನಿದೆ. ಕುಡಿತ, ಪಟ್ಟಿ, ಪುಡಿ, ಯಾವುದರಲ್ಲಿ ಸಿಕ್ಕಿಕೊಂಡವರೇ ಆಗಲಿ, ಹಗಲಿನಲ್ಲಿ ಯಾವ ಹೊತ್ತಿಗಾದರೂ ಚೀಟಿಯಿಲ್ಲದೆ ಒಳಗೆ ಹೋಗಬಹುದು. ನಮ್ಮ ವಾರ್ಡಿನದು ನಮ್ಮ ಮನೆಯಿಂದ ಮೂರು ಓಣಿ ಆಚೆಗೆ, ಹಳೆಯ ಹತ್ತಿ ಗಿರಣಿಯ ಗೋದಾಮಿನಲ್ಲಿದೆ. ಪಕ್ಕದಲ್ಲಿ ಹಿಟ್ಟಿನ ಗಿರಣಿ, ಎದುರಿಗೆ ನಿಂಗಣ್ಣನ ಕ್ಷೌರದಂಗಡಿ. ಅಲ್ಲಿಗೇ ಹೋಗೋಣವೆಂದು ಕಸ್ತೂರಿ ಅಂದಳು.

"ಅಲ್ಲಿ ಬ್ಯಾಡ," ಎಂದೆ. "ನಿಂಗಣ್ಣನ ಅಂಗಡಿ ಎದುರ ಐತಿ. ಸಂಜಿ ಆಗೂದ್ರಾಗ ಊರಿಗೆಲ್ಲ ಗೊತ್ತಾಗತೈತಿ."

"ಗೊತ್ತಾದ್ರ ಏನಾಗತೈತ್ರಿ ಅಕ್ಕಾರ?"

"ನಾನು ಸಾಲಿ ಅಕ್ಕೋರು, ಕಸ್ತೂರಿ."

ನಾನು ಹೇಳಿದ್ದು ಅಷ್ಟೇ. ಅವಳು ನನ್ನ ಮುಖ ನೋಡಿ ಒಳಗೆ ಹೋದಳು. ಗೋಡೆಯ ಮೇಲೆ, ಆಸ್ಪತ್ರೆಯವರನ್ನು ಕರೆಯಲು ಒತ್ತುವ ಕರೆಗುಂಡಿಯ ಪಕ್ಕದಲ್ಲಿ ನಿರಾಳಮನೆಯವರು ಮನೆಮನೆಗೂ ಅಂಟಿಸಿಹೋಗಿದ್ದ ಅವರ ನಂಬರಿನ ಚೀಟಿ ಇತ್ತು. ಬಂದವರು ನೋಡಿ ಏನು ಅಂದುಕೊಂಡಾರೆಂದು ಅದನ್ನು ಉಗುರಿನಿಂದ ಕೆರೆದು ತೆಗೆದೆ.

ಅವನನ್ನು ದೂರದ ಕರಾವಳಿಯ ಒಂದು ಚಿಕಿತ್ಸಾಗ್ರಾಮಕ್ಕೆ ಕಳಿಸಿದೆವು. ತರಬೇತಿಗೆ ಹೋಗಿದ್ದಾನೆಂದು ಶಾಲೆಯಲ್ಲಿ ಹೇಳಿದೆ. ಅಲ್ಲಿಯವರು ಒಳ್ಳೆಯವರೇ. ನಲವತ್ತು ದಿನಕ್ಕೆ ಕೆನ್ನೆ ತುಂಬಿಕೊಂಡು, ನಗುನಗುತ್ತ ಮರಳಿದ. ಹನ್ನೊಂದನೆಯ ದಿನ ಮತ್ತೆ ಕಿವಿಯ ಹಿಂದೆ ಪಟ್ಟಿ ಕಂಡಿತು. ಕೇಳಿದಾಗ ತಲೆ ತಗ್ಗಿಸಿಕೊಂಡು, "ಅಲ್ಲಿ ಸಮುದ್ರ ಇತ್ತು ಅಕ್ಕಾ," ಎಂದ. "ಇಲ್ಲಿ ಅದ ಬೆನ್ನು, ಅದ ಕಂಬ, ಅದ ಗೆಳ್ಯಾರು. ಏನ್ ಮಾಡ್ಲಿ?"

ಆ ಏಪ್ರಿಲ್‌ನಲ್ಲಿ ಕಸ್ತೂರಿ ತಾಯಿಯನ್ನು ನೋಡಲು ಮುಂಡರಗಿಗೆ ಹೋಗಿದ್ದಳು. ಬಿಸಿಲುಬಿಡುವಿನ ಹೊತ್ತು. ಮಜ್ಜಿಗೆ ಹಿಡಿದುಕೊಂಡು ನಾನು ನಮ್ಮ ನೆಲಮನೆಗೆ ಇಳಿದೆ. ಮೌನೇಶ ಅಂಗಾತ ಬಿದ್ದಿದ್ದ. ತುಟಿ ನೀಲಿಯಾಗಿತ್ತು. ಗಂಟಲಿನಲ್ಲಿ ಗೊರಗೊರ ಸದ್ದಾಗಿ ಒಂದು ಉಸಿರು ಬರುತ್ತಿತ್ತು, ಆಮೇಲೆ ಏನೂ ಇಲ್ಲ. ನಾನು ಎಣಿಸಿದೆ. ಹದಿನಾಲ್ಕು ಎಣಿಸಿದ ಮೇಲೆ ಮತ್ತೊಂದು ಉಸಿರು.

ಕರೆಗುಂಡಿ ಒತ್ತಿದೆ. ದೊಡ್ಡಾಸ್ಪತ್ರೆಯಿಂದ ಹಾರುಗಾಡಿ ಬಂದು ಮಾಳಿಗೆಯ ಮೇಲೆ ಇಳಿಯುತ್ತದೆ. ಇಪ್ಪತ್ತೆರಡು ನಿಮಿಷ ಆಗುತ್ತದೆಂದು ಆ ಕಡೆಯ ದನಿ ಹೇಳಿತು. ಆಗ ನನಗೆ ಮೊದಲು ಹೊಳೆದದ್ದೇನು ಗೊತ್ತೆ? ಗಾಡಿ ಮಾಳಿಗೆಯ ಮೇಲೆ ಇಳಿದರೆ ಬೀದಿಯವರಿಗೆ ಏನೂ ಕಾಣದು, ಅವನಿಗೆ ಬೆನ್ನುನೋವು ಜಾಸ್ತಿಯಾಗಿತ್ತೆಂದು ಹೇಳಿಕೊಳ್ಳಬಹುದು ಎಂದು. ತಮ್ಮನ ತಲೆ ನನ್ನ ತೊಡೆಯ ಮೇಲಿತ್ತು, ನಾನು ಊರಿಗೆ ಹೇಳುವ ಸುಳ್ಳನ್ನು ಜೋಡಿಸುತ್ತಿದ್ದೆ. ಹಾಗೆ ಎಷ್ಟು ಹೊತ್ತು ಕೂತೆನೋ ತಿಳಿಯದು. ಈ ಸಲ ಹದಿನೆಂಟು ಎಣಿಸಿದರೂ ಉಸಿರು ಬರಲಿಲ್ಲ. ನಿರಾಳಮನೆಯ ನಂಬರು ನನ್ನ ಬಳಿ ಇರಲಿಲ್ಲ. ಅವನನ್ನು ಮಗ್ಗುಲಿಗೆ ಹೊರಳಿಸಿ, ಮೆಟ್ಟಿಲು ಹತ್ತಿ, ಬರಿಗಾಲಿನಲ್ಲೇ ಓಡಿದೆ.

ನಾನು ಬೀದಿಯಲ್ಲಿ ಎಂದೂ ಗಟ್ಟಿಯಾಗಿ ಮಾತಾಡಿದವಳಲ್ಲ. ಅಂದು ಮೂರು ಓಣಿಯ ಉದ್ದಕ್ಕೂ "ಹುಸೇನಬೀ, ನಮ್ಮ ಮೌನೇಶ ಸಾಯಾಕತ್ತ್ಯಾನ!" ಎಂದು ಕೂಗಿಕೊಂಡು ಹೋದೆ. ಕಿಂಡಿ ಕಿಂಡಿಯಲ್ಲೂ ಮುಖಗಳು. ಹುಸೇನಬಿ ನದಾಫ ನಿರಾಳಮನೆಯ ನರ್ಸು. ಉಣ್ಣುತ್ತಿದ್ದವಳು ಕೈಯನ್ನೂ ತೊಳೆಯದೆ ಚೀಲ ಹೆಗಲಿಗೆ ಹಾಕಿಕೊಂಡು ನನಗಿಂತ ಮುಂದೆ ಓಡಿದಳು. ಮೌನೇಶನ ಮೂಗಿಗೆ ಔಷಧ ಸಿಂಪಡಿಸಿದಳು. ಬಾಯಿಗೆ ಬಾಯಿ ಹಚ್ಚಿ ಉಸಿರು ಕೊಟ್ಟಳು. ಮತ್ತೊಮ್ಮೆ ಸಿಂಪಡಿಸಿದಳು. "ಮೌನೇಶಣ್ಣಾ, ಉಸರು ತಗೋ. ನಾ ಇಲ್ಲೇ ಅದೀನಿ, ತಗೋ."

ಅವನು ಒಮ್ಮೆ ಜೋರಾಗಿ ಎಳೆದುಕೊಂಡ. ಕಣ್ಣು ಬಿಟ್ಟ. ವಾಂತಿ ಮಾಡಿಕೊಂಡ. ಆಮೇಲೆ ಬಾಯಿಗೆ ಬಂದಂತೆ ಅವಳನ್ನು ಬೈಯತೊಡಗಿದ. ನಾನು ನಾಚಿಕೊಂಡು ಅವನ ಬಾಯಿ ಮುಚ್ಚಿಸಲು ಹೋದೆ.

"ಬೈಲಿ ಬಿಡ್ರಿ ಅಕ್ಕೋರ," ಎಂದಳು ಹುಸೇನಬಿ, ಗೋಡೆಗೆ ಒರಗಿ ಏದುಸಿರು ಬಿಡುತ್ತ. "ಬೈಯಾಕ ಉಸರು ಬೇಕಲ್ಲ? ಐತಿ." ಆಮೇಲೆ ನನ್ನ ಕಾಲಿನ ಕಡೆ ನೋಡಿ, "ಅಯ್ಯ, ಮೊದಲ ಕೂಡ್ರಿ ನೀವು," ಎಂದಳು. ನನ್ನ ಎರಡೂ ಅಂಗಾಲು ಬೊಬ್ಬೆಯೆದ್ದು ಒಡೆದಿದ್ದವು. ಅಲ್ಲಿಯವರೆಗೆ ನನಗೆ ಅದು ಗೊತ್ತೇ ಆಗಿರಲಿಲ್ಲ.

ಹಾರುಗಾಡಿಯವರು ಬಂದು ನೋಡಿ, ಆಸ್ಪತ್ರೆಗೆ ಒಯ್ದು ಒಂದು ದಿನ ಇಟ್ಟುಕೊಂಡು ಕಳಿಸಿದರು. ಊರಿಗೆಲ್ಲ ತಿಳಿದಿತ್ತು. ಒಬ್ಬರು ತಮ್ಮ ಮಗಳನ್ನು ನನ್ನ ತರಗತಿಯಿಂದ ಬಿಡಿಸಿದರು, ನಿಜ. ಪಕ್ಕದ ಮನೆಯವರು ಸುಟ್ಟಗಾಯಕ್ಕೆ ಹಚ್ಚಲು ಲೋಳೆಸರ ತಂದುಕೊಟ್ಟರು, ಏನೂ ಕೇಳಲಿಲ್ಲ. ನಾನು ಅಷ್ಟು ದಿನ ಹೆದರಿದ್ದ ಆ ದೊಡ್ಡ ಸಂಗತಿ ಇಷ್ಟೇ ಆಗಿತ್ತು.

ಅವನು ಮರಳಿದ ಮರುದಿನ ಹುಸೇನಬಿ ಮನೆಗೆ ಬಂದಳು. ಮುಂಡರಗಿಯಿಂದ ಓಡಿ ಬಂದಿದ್ದ ಕಸ್ತೂರಿ ಅವಳ ಕೈ ಹಿಡಿದುಕೊಂಡು ಅತ್ತಳು. ಮೌನೇಶ ಮುಖ ಗೋಡೆಗೆ ಮಾಡಿ ಮಲಗಿದ್ದ.

"ನಾಳೆ ಮುಂಜಾನಿ ಬಾ, ಅಣ್ಣಾ," ಎಂದಳು ಹುಸೇನಬಿ.

"ನನಗ ಬಿಡೂ ಮನಸ್ಸ ಇಲ್ಲ. ಸುಳ್ಳ ಯಾಕ ಹೇಳ್ಲಿ?"

"ಮನಸ್ಸ ಇರಬೇಕಂತ ಏನಿಲ್ಲ. ಮನಸ್ಸ ಇಲ್ಲದಾವ್ರೂ ಬರ್ತಾರ. ನೀ ಬಾ ಅಷ್ಟ."

ನಾವು ಮೂವರೂ ಹೋದೆವು. ನನ್ನ ಕಾಲಿಗೆ ಬಟ್ಟೆ ಸುತ್ತಿತ್ತು. ಮೌನೇಶನ ಹೆಗಲು ಹಿಡಿದು ಕುಂಟುತ್ತಿದ್ದೆ. ನೋಡಿದವರಿಗೆ ಚಿಕಿತ್ಸೆಗೆ ಹೊರಟವಳು ನಾನೇ ಎನ್ನಿಸಿರಬೇಕು. ಎದುರಿನ ಅಂಗಡಿಯಲ್ಲಿ ನಿಂಗಣ್ಣ ಯಾರದೋ ಗಡ್ಡ ಕೆರೆಯುತ್ತಿದ್ದ. ನಮ್ಮನ್ನು ಕಂಡವನೇ ಕತ್ತಿ ಕೆಳಗಿಟ್ಟು ಬೀದಿ ದಾಟಿ ಬಂದ. ಮೌನೇಶನ ಹೆಗಲು ಬಿಗಿಯಾದದ್ದು ನನ್ನ ಅಂಗೈಗೆ ತಿಳಿಯಿತು.

"ಬಾ ಮೌನೇಶಾ," ಎಂದ ನಿಂಗಣ್ಣ. "ಒಳಗ ಬಲಕ್ಕಿನ ಬೆಂಚು ತಂಪ ಇರತೈತಿ. ಎಂಟು ವರ್ಷದಿಂದ ನಾ ಅಲ್ಲೇ ಕೂಡ್ರತೀನಿ."

ಒಳಗೆ ಏನು ನಡೆಯುತ್ತಿತ್ತೆಂದು ಕೇಳುತ್ತೀರಿ. ಮಂತ್ರ ಮಾಯ ಏನಿಲ್ಲ. ದಿನಾ ಮುಂಜಾನೆ ನಾಲಿಗೆಯ ಕೆಳಗೆ ಕರಗುವ ಒಂದು ಮಾತ್ರೆ. ಅದರಿಂದ ಪಟ್ಟಿಯ ಹಪಹಪಿ ಇಳಿಯುತ್ತಿತ್ತು. ಕುಡಿತ ಬಿಡಿಸಲು ಬೇರೆ ಔಷಧ ಕೊಟ್ಟು ಹತ್ತು ದಿನ ಅಲ್ಲೇ ಮಲಗಿಸಿಕೊಂಡರು. ಮೊದಲ ಸಲ ಯಾರೋ ಅವನ ಬೆನ್ನಿನ ಬಗ್ಗೆ ಸರಿಯಾಗಿ ವಿಚಾರಿಸಿದರು. ನಾವೆಲ್ಲ ಚಟದ ಮಾತಾಡುತ್ತ ನೋವು ನಿಜವೆಂಬುದನ್ನೇ ಮರೆತಿದ್ದೆವು. ದಿನಕ್ಕೊಂದು ತಾಸು ವ್ಯಾಯಾಮ ಮಾಡಿಸಿದರು. ಸಂಜೆ ಹತ್ತು ಹನ್ನೆರಡು ಜನ ಸುತ್ತ ಕೂತು ಮಾತಾಡುತ್ತಿದ್ದರು, ಕೆಲವು ದಿನ ಸುಮ್ಮನೆ ಚಹಾ ಕುಡಿಯುತ್ತಿದ್ದರು. ಮನೆಯವರಿಗೂ ವಾರಕ್ಕೊಂದು ಕೂಟವಿತ್ತು. ಅಲ್ಲಿ ನಾನು ಚೀಟಿ ಕೆರೆದ ಸಂಗತಿ ಹೇಳಿಕೊಂಡೆ. ಕಸ್ತೂರಿ ಕೇಳಿಸಿಕೊಂಡು, "ನನಗ ಗೊತ್ತಿತ್ರಿ ಅಕ್ಕಾರ," ಎಂದಷ್ಟೇ ಹೇಳಿ ನನ್ನ ಲೋಟಕ್ಕೆ ಚಹಾ ಸುರಿದಳು.

ಅವನು ಎರಡು ಸಲ ಮತ್ತೆ ಜಾರಿದ. ಕಂಬದ ಕೆಲಸಕ್ಕೆ ಮರಳಿದ ವಾರ ಒಮ್ಮೆ, ಎರಡು ವರ್ಷದ ಮೇಲೆ ಕಸ್ತೂರಿಯ ತಾಯಿ ತೀರಿಕೊಂಡಾಗ ಇನ್ನೊಮ್ಮೆ. ಎರಡೂ ಸಲ ನಾವು ಬೈಯಲಿಲ್ಲ, ಚಿಲಕ ಹಾಕಲಿಲ್ಲ. ಬೆಂಚಿನಲ್ಲಿ ಜಾಗ ಖಾಲಿ ಕಂಡ ನಿಂಗಣ್ಣ ಕತ್ತಿ, ಕನ್ನಡಿ ಹಿಡಿದು ಮನೆಗೇ ಬಂದು, "ಗಡ್ಡ ಭಾಳ ಬೆಳದೈತಿ ನಿಂದು," ಎಂದು ಕೂತ. ಗಡ್ಡ ತೆಗೆದಾದ ಮೇಲೆ ಇಬ್ಬರೂ ನಡೆದುಕೊಂಡು ಹೋದರು. ಸಮುದ್ರದ ದಂಡೆಯ ಗ್ರಾಮಕ್ಕೆ ಎರಡನೆಯ ಸಲ ಹೊರಡುವ ಧೈರ್ಯ ಅವನಿಗೆ ಬರುತ್ತಿರಲಿಲ್ಲ. ಮೂರು ಓಣಿ ನಡೆಯಲು ಅವನಿಂದ ಆಯಿತು. ಈಗ ಅವನಿಗೆ ಅರವತ್ತೊಂದು. ಕಂಬ ಹತ್ತುವುದಿಲ್ಲ, ಹತ್ತುವವರಿಗೆ ಹಗ್ಗ ಕಟ್ಟಲು ಕಲಿಸುತ್ತಾನೆ. ಬೆನ್ನು ಇನ್ನೂ ನೋಯುತ್ತದೆ.

ಕಳೆದ ತಿಂಗಳು ಹುಸೇನಬಿ ನನಗೊಂದು ಕೆಲಸ ಕೊಟ್ಟಳು. ನಿರಾಳಮನೆಯ ಹಳೆಯ ರಿಜಿಸ್ಟರುಗಳು ಪುಡಿಯಾಗುತ್ತಿವೆ, ನಿಮ್ಮ ಅಕ್ಷರ ಚಂದ, ನಕಲು ಮಾಡಿಕೊಡಿ ಎಂದಳು. ಎಲ್ಲಕ್ಕಿಂತ ಹಳೆಯದು ನಿಮ್ಮ ಕಾಲದ್ದು, ಮುಂದೆ ನಮ್ಮ ನಿರಾಳಮನೆಯಾಗಿ ಬೆಳೆದ ಈ ಊರಿನ ಒಂದು ಸಣ್ಣ ದವಾಖಾನೆಯದು. ಮೊದಲ ಪುಟದಲ್ಲಿ ಯಾರೋ ಗುಮಾಸ್ತರು ನೀಲಿ ಶಾಯಿಯಲ್ಲಿ ಬರೆದಿದ್ದಾರೆ: "ಒಬ್ಬ ಹೆಣ್ಣುಮಗಳು ಬಂದು, ಗಂಡನ ಕುಡಿತಕ್ಕೆ ನಮ್ಮ ಊರಾಗ ಔಷಧ ಸಿಗತೈತೇನ್ರಿ ಎಂದು ಕೇಳಿದರು. ಇಲ್ಲ ಎಂದು ತಿಳಿಸಿದೆ." ಮುಂದಿನ ವಾರ: "ಅದೇ ಹೆಣ್ಣುಮಗಳು. ದೂರದ ಊರಿಗೆ ಹೋಗಲು ತಿಳಿಸಿದೆ. ಮಕ್ಕಳನ್ನು ಬಿಟ್ಟು ಹೋಗಲಾಗದು ಎಂದರು." ಅದರ ಮುಂದೆ: "ಮತ್ತೆ ಬಂದರು." ನಾಲ್ಕನೆಯದು: "ಇಂದು ಹನ್ನೊಂದು ಮಂದಿ ಹೆಂಗಸರನ್ನು ಕರೆದುಕೊಂಡು ಬಂದು ಹೊರಗೆ ಕೂತಿದ್ದಾರೆ. ಸಾಹೇಬರಿಗೆ ತಿಳಿಸಿದೆ." ಪುಟ ತಿರುಗಿಸಿದರೆ, ಪ್ರತಿ ಮಂಗಳವಾರ ಕುಡಿತ ಬಿಡಿಸುವ ಡಾಕ್ಟರು ಬರುತ್ತಾರೆಂಬ ಸೂಚನೆ, ಅದರ ಕೆಳಗೆ ಬಂದವರ ಸಂಖ್ಯೆ.

ಹೆಂಗಸಿನ ಹೆಸರು ಬರೆದಿಲ್ಲ. ವರ್ಷ ಬರೆದಿದ್ದ ಜಾಗವನ್ನು ಗೆದ್ದಲು ತಿಂದಿದೆ. ಆದ್ದರಿಂದ ಆಕೆ ಹೋಗಿ ಕೇಳಿದ್ದು ನೀವು ಈ ಪತ್ರ ಓದುವುದಕ್ಕಿಂತ ಮೊದಲೋ ಆಮೇಲೋ ನನಗೆ ತಿಳಿಯದು. ಈಗಾಗಲೇ ಕೇಳಿದ್ದರೆ, ನನ್ನ ತಮ್ಮ ಬದುಕಿದ್ದಾನೆಂದು ಯಾರಾದರೂ ಆಕೆಗೆ ಹೇಳಿ. ಇನ್ನೂ ಕೇಳಿಲ್ಲವಾದರೆ, ಈ ಪತ್ರ ಓದುತ್ತಿರುವವಳು ನೀನೇ ಆಗಿದ್ದರೆ, ತಾಯಿ, ನಾಳೆ ಮುಂಜಾನೆ ಹೋಗು. ಇಲ್ಲ ಎನ್ನುತ್ತಾರೆ. ಮತ್ತೆ ಹೋಗು.

ನಿನ್ನವಳು,
ದಾಕ್ಷಾಯಣಿ