ಹದಿನೇಳನೇ ಬಾವಿ

ಮಾರ್ಚ್ ೧೪, ಶುಕ್ರವಾರ

ನನ್ನ ಗುಬ್ಬಿಗೆ ಅಪ್ಪನ ಪ್ರೀತಿ.

ನಿನ್ನ ಕಾಗದ ಬಂದು ಮೂರು ವಾರವಾಯಿತು. ಉತ್ತರ ಬರೆಯದೆ ಕೂತ ಅಪ್ಪನ ಮೇಲೆ ಸಿಟ್ಟು ಬಂದಿದ್ದರೆ ಅದು ನ್ಯಾಯವೇ. ನಿನಗೆ ಐದು ತಿಂಗಳೆಂದು ಓದಿ ಅಡುಗೆಮನೆಯಲ್ಲಿ ಒಬ್ಬನೇ ನಗುತ್ತ ನಿಂತಿದ್ದೆ. ಆಮೇಲೆ ಕೆಳಗಿನ ಸಾಲು: "ಅಮ್ಮ ನಂಗೆ ಅರ್ಧ ಹೆಣೆದಿದ್ದ ಹಳದಿ ಸ್ವೆಟರ್ ಪೆಟ್ಟಿಗೇಲಿದೆ ಅಂದಿದ್ಯಲ್ಲಪ್ಪ, ಕಳ್ಸು. ಬಿಚ್ಚಿ ಮಗೂಗೆ ಹೆಣೀತೀನಿ." ಅಲ್ಲಿಗೆ ಕೈಯೇ ಓಡಲಿಲ್ಲ. ಹೇಳುತ್ತೇನೆ, ಸ್ವಲ್ಪ ತಡೆ.

ಮೊದಲು ಸುದ್ದಿ. ಇಪ್ಪತ್ತಾರು ವರ್ಷ ಕಸದ ಲಾರಿ ಓಡಿಸಿದ ನಿನ್ನಪ್ಪ ಈಗ ಅದೇ ಕಸದ ಗುಡ್ಡದ ಮೇಲೆ ಬಾವಿ ಕಾಯುತ್ತಾನೆ. ನೀರಿನ ಬಾವಿಯಲ್ಲ. ಗುಡ್ಡದೊಳಕ್ಕೆ ತೂತಿನ ಕೊಳವೆ ಇಳಿಸಿದ್ದಾರೆ. ಕಸ ಕೊಳೆತು ಹುಟ್ಟುವ ಗ್ಯಾಸನ್ನು ಹೀರಿ, ಎಂಜಿನ್ನಿಗೆ ಕೊಟ್ಟು, ಕರೆಂಟು ಮಾಡುತ್ತಾರೆ. ಹಾಗೇ ಬಿಟ್ಟರೆ ಆಕಾಶಕ್ಕೆ ಹೋಗಿ ಭೂಮಿಯನ್ನೇ ಕಾಯಿಸುತ್ತದಂತೆ. ಮೊದಲ ಸಂಜೆ ಗುಡ್ಡದ ಕೆಳಗಿನ ಬೀದಿಯಲ್ಲಿ ದೀಪ ಹತ್ತಿದಾಗ ಒಂದೊಂದನ್ನೂ ಎಣಿಸುತ್ತ ನಿಂತೆ. ಬೇಡವೆಂದು ಎಸೆದದ್ದು ಯಾವುದೂ ಸುಮ್ಮನೆ ಮಲಗಿರಲಿಲ್ಲ, ಮಗಳೇ. ವಾಸನೆಯೆಂದು ನನ್ನನ್ನು ಯಾವಾಗಲೂ ಕೊನೆಗೆ ಕೂರಿಸುತ್ತಿದ್ದ ಕ್ಷೌರದಂಗಡಿಯವನು ಹೊರಗೆ ಬಂದು, "ಇದು ನೀವು ತಂದು ಸುರಿದಿದ್ದೇ ಅಲ್ವೇನ್ರೀ?" ಎಂದು ಕೇಳಿದ. ಹೌದೆಂದೆ.

ಒಂದು ಎಡವಟ್ಟೂ ಮಾಡಿದೆ. ಯಾವ ಬಾವಿಯ ಕೆಳಗೆ ಯಾವ ವರ್ಷದ ಕಸವಿದೆಯೆಂದು ನಕ್ಷೆ ನೋಡದೆ ಹೇಳಬಲ್ಲವನು ನಾನೊಬ್ಬನೇ. ಹೋದ ಮಂಗಳವಾರ ಹದಿನೇಳನೇ ಬಾವಿಯ ವಾಲ್ವನ್ನು ಪೂರ್ತಿ ತೆರೆದುಬಿಟ್ಟೆ. ಅದರೊಳಗಿರುವುದೆಲ್ಲ ಬಂದುಬಿಡಲಿ ಎಂಬ ಆಸೆ. ಗ್ಯಾಸಿನ ಜೊತೆ ಗಾಳಿ ನುಗ್ಗಿ ಎಂಜಿನ್ ನಿಂತೇಹೋಯಿತು, ಬೀದಿಯೂ ಕತ್ತಲಾಯಿತು.

ಎಂಜಿನಿಯರಮ್ಮ ನಿನ್ನ ವಯಸ್ಸಿನವಳು. ಓಡಿಬಂದು ವಾಲ್ವನ್ನು ಹಿಂದಕ್ಕೆ ತಿರುಗಿಸಿದಳು. "ಎಳೆದಷ್ಟೂ ಬರೋಕೆ ಇದೇನು ಹಗ್ಗಾನಾ ಯಜಮಾನ್ರೇ? ಅದು ಕೊಟ್ಟಷ್ಟು ತಗೋಬೇಕು. ಜಾಸ್ತಿ ಎಳೆದ್ರೆ ಒಳಗೇ ಬೆಂಕಿ ಹತ್ಕೊಳ್ಳುತ್ತೆ." ವಯಸ್ಸಾಯ್ತಮ್ಮ, ಕೈ ಜಾರಿತು ಎಂದೆ. ಅದು ಸುಳ್ಳು.

ಹೊತ್ತಿಗೆ ಸರಿಯಾಗಿ ಉಣ್ಣು, ಭಾರ ಎತ್ತಬೇಡ. ಅಳಿಯಂದಿರನ್ನು ಕೇಳಿದೆನೆಂದು ಹೇಳು. ಹುಟ್ಟುವ ಕೂಸಿಗೆ ಅಜ್ಜಿಯ ತಾಳ್ಮೆ ಬರಲಿ, ಅಜ್ಜನ ಕೋಪ ಬೇಡ.

ನಿನ್ನ
ಅಪ್ಪ

ತಾ.ಕ.: ಪೆಟ್ಟಿಗೆ ಖಾಲಿ, ಗುಬ್ಬಿ. ಒಂಬತ್ತು ವರ್ಷ ನಿನಗೆ ಸುಳ್ಳು ಹೇಳಿದೆ. ಅಮ್ಮ ತೀರಿಕೊಂಡ ವಾರಕ್ಕೆ, ಹೇಳದೆ ಕೇಳದೆ ಹೋದಳಲ್ಲ ಎಂದು ಅವಳ ಮೇಲೇ ಸಿಟ್ಟು ಬಂತು. ಹಾಸಿಗೆ, ಶಾಲು, ಹೆಣಿಗೆಯ ಕಡ್ಡಿ ಸಮೇತ ಆ ಸ್ವೆಟರು, ಎಲ್ಲವನ್ನೂ ನನ್ನ ಲಾರಿಗೇ ತುಂಬಿ ಗುಡ್ಡದಲ್ಲಿ ಸುರಿದು ಬಂದೆ. ಮರುದಿನ ಬೆಳಿಗ್ಗೆ ಹುಡುಕಲು ಓಡಿದೆ. ಅಷ್ಟರಲ್ಲಿ ಮಣ್ಣು ಹೊದಿಸಿಯಾಗಿತ್ತು. ಈಗ ಅಲ್ಲಿ ಹದಿನೇಳನೇ ಬಾವಿ ಇದೆ. ದಿನಾ ಆ ಕೊಳವೆಯ ಮೇಲೆ ಕೈಯಿಡುತ್ತೇನೆ, ಬೆಚ್ಚಗಿರುತ್ತದೆ. ಕ್ಷಮಿಸು ಎಂದು ಎಳೆದು ಕೇಳುವುದಿಲ್ಲ, ನೀನು ಕೊಟ್ಟಷ್ಟೇ ಸಾಕು. ಇದರ ಜೊತೆ ಅಂಗಡಿಯಲ್ಲಿ ಹುಡುಕಿ ತಂದ ಹಳದಿ ಉಣ್ಣೆಯ ನಾಲ್ಕು ಉಂಡೆ ಇಟ್ಟಿದ್ದೇನೆ. ಅದು ಅಮ್ಮನ ಹಳದಿಯೇ ಹೌದೋ ಅಲ್ಲವೋ, ಹೇಳುವವಳು ನೀನೊಬ್ಬಳೇ ಉಳಿದಿದ್ದೀಯ.